ತಕ್ಕಡಿ ಒಂದಾದರೆ ಸಾಲದು, ದಾರಿಯೂ ಬೇಕು

ಬಿಬವೇವಾಡಿಯ ನಮ್ಮ ಮನೆಯಿಂದ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಇಂಡಿ ತಾಲ್ಲೂಕಿನ ನಮ್ಮೂರಿನಿಂದ ಅಣ್ಣ ಕಳಿಸುವ ನಿಂಬೆ ಚೀಲಗಳು ಸೊಲ್ಲಾಪುರ ದಾಟಿ, ಹಡಪಸರದ ವಾಹನ ದಟ್ಟಣೆಯಲ್ಲಿ ಸಿಕ್ಕು ಬಿಡಿಸಿಕೊಂಡು, ಬೆಳಗಿನ ಜಾವ ಅಲ್ಲಿ ಬಂದಿಳಿಯುತ್ತವೆ. ಒಮ್ಮೊಮ್ಮೆ ಅವನ ಪರವಾಗಿ ಅಡತಿ ಅಂಗಡಿಗೆ ಹೋಗಿ ಲೆಕ್ಕ ಕೇಳಿಕೊಂಡು ಬರುವುದು ನನ್ನ ಕೆಲಸ.

ಒಂದು ಬೇಸಿಗೆಯಲ್ಲಿ ಹೀಗೇ ಲೆಕ್ಕ ಹೇಳಲು ಫೋನ್ ಮಾಡಿದಾಗ ಅವನಿನ್ನೂ ನಿದ್ದೆಗಣ್ಣಲ್ಲಿದ್ದ. ‘ರಾತ್ರಿ ಎರಡಕ್ಕ ತ್ರೀಫೇಸ್ ಬಂತು, ಬೆಳಗಾಗೂತನಕ ನೀರು ಹಾಯಿಸೀನಿ’ ಎಂದ. ನಿಂಬೆಯ ದರ ಕೇಳಿಕೊಂಡ ಮೇಲೆ ಸುಮ್ಮನಿರಲಿಲ್ಲ. ‘ತಮ್ಮಾ, ನೀ ಅಲ್ಲಿ ಕರೆಂಟ್ ಕೊಳ್ಳೂದು ಮಾರೂದು ಮಾಡ್ತಿ. ಮಧ್ಯಾಹ್ನ ಕರೆಂಟ್ ಭಾಳ ಸೋವಿ ಇರ್ತದ ಅಂತ ನೀನ ಹೇಳಿದ್ದಿ. ಸೋವಿ ಇದ್ದಾಗ ನಮಗ್ಯಾಕ ಕೊಡೂದಿಲ್ಲ, ನಿದ್ದಿ ಹೊತ್ತಿನಾಗ ಯಾಕ ಕೊಡ್ತಾರ?’

ಕಾರ್ಖಾನೆಗಳಿಗಾಗಿ ವಿದ್ಯುತ್ ಖರೀದಿಸಿಕೊಡುವ ಕಂಪನಿಯೊಂದರಲ್ಲಿ ದುಡಿಯುವ ನನಗೆ ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡಲಾಗಲಿಲ್ಲ. ಅವನ ಪ್ರಶ್ನೆ ಒಂದೇ ಆದರೂ ಉತ್ತರ ಮೂರು ಕಡೆ ಹಂಚಿಹೋಗಿದೆ: ಮಾರುಕಟ್ಟೆಯಲ್ಲಿ, ತಂತಿಯಲ್ಲಿ ಮತ್ತು ರಾಜ್ಯಗಳ ನಡುವಿನ ನಂಬಿಕೆಯಲ್ಲಿ. ದೆಹಲಿಯಲ್ಲಿ ಈಗ ನಡೆದಿರುವ ಚರ್ಚೆಯೆಲ್ಲ ಮೊದಲನೆಯದರ ಬಗ್ಗೆ. ನನ್ನ ಮಾತು ಉಳಿದೆರಡರ ಬಗ್ಗೆ.

ಮೊದಲು ಮಾರುಕಟ್ಟೆ ನಡೆಯುವ ಬಗೆ ಹೇಳುತ್ತೇನೆ. ನಾಳೆಯ ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಕತ್ತರಿಸಲಾಗುತ್ತದೆ. ಪ್ರತಿ ತುಂಡಿಗೂ ಮಾರುವವರು ‘ಇಷ್ಟು ದರ ಸಿಕ್ಕರೆ ಇಷ್ಟು ಕೊಡುತ್ತೇನೆ’ ಎಂದೂ, ಕೊಳ್ಳುವವರು ‘ಇಷ್ಟು ದರದವರೆಗೆ ಇಷ್ಟು ಬೇಕು’ ಎಂದೂ ಇವತ್ತೇ ಬರೆದುಕೊಡುತ್ತಾರೆ. ಎರಡೂ ಗೆರೆಗಳು ಕೂಡುವ ಜಾಗವೇ ಆ ಹೊತ್ತಿನ ದರ. ದೇಶಕ್ಕೆಲ್ಲ ಒಂದೇ ಸಂತೆ, ಒಂದೇ ದರ. ಇಲ್ಲಿಯವರೆಗೆ ಸರಳ.

ಆದರೆ ನಿಂಬೆಯನ್ನು ಲಾರಿಗೆ ಹೇರುವಂತೆ ಕರೆಂಟನ್ನು ಹೇರಲಾಗುವುದಿಲ್ಲ. ಅದು ತಂತಿಯಲ್ಲೇ ಬರಬೇಕು. ತಂತಿಗೊಂದು ತಾಳಿಕೆಯ ಮಿತಿಯಿದೆ. ಸಂತೆ ಕೂಡಿದ ಮೇಲೆ ಕಂಪ್ಯೂಟರ್ ಇನ್ನೊಂದು ಲೆಕ್ಕ ಹಾಕುತ್ತದೆ: ಇಷ್ಟೂ ವಿದ್ಯುತ್ತನ್ನು ಅಲ್ಲಿಂದ ಇಲ್ಲಿಗೆ ತರಲು ದಾರಿ ಸಾಕೇ? ಸಾಲದಿದ್ದರೆ ಒಂದು ಸಂತೆ ಎರಡಾಗಿ ಒಡೆಯುತ್ತದೆ. ಹೆಚ್ಚುವರಿ ಇರುವ ಕಡೆ ದರ ಇಳಿಯುತ್ತದೆ, ಕೊರತೆ ಇರುವ ಕಡೆ ಏರುತ್ತದೆ. ಇದಕ್ಕಾಗಿ ದೇಶವನ್ನು 13 ಬಿಡ್ ವಲಯಗಳಾಗಿ ವಿಂಗಡಿಸಲಾಗಿದೆ. ನಾನಿರುವ ಪುಣೆ ‘ಡಬ್ಲ್ಯು–2’, ಅಣ್ಣನಿರುವ ಇಂಡಿ ‘ಎಸ್–1’. ನಡುವೆ ಇರುವುದು ಒಂದು ರಾಜ್ಯದ ಗಡಿ, ಕೆಲವೇ ತಾಸುಗಳ ಪ್ರಯಾಣ. ಸಂತೆ ಒಡೆದ ದಿನ ಮಾತ್ರ ನಾವಿಬ್ಬರೂ ಬೇರೆ ಬೇರೆ ದೇಶದವರು.

ಹತ್ತು–ಹನ್ನೆರಡು ವರ್ಷಗಳ ಹಿಂದೆ ಸಂತೆ ಒಡೆಯದ ದಿನವೇ ಅಪರೂಪವಾಗಿತ್ತು. ಆಗ ದಕ್ಷಿಣದ ಗ್ರಿಡ್ ಒಂದು ದ್ವೀಪ. ತಾಲ್ಚೇರ್‌ನಿಂದ ಕೋಲಾರಕ್ಕೆ ಬಂದ ಏಕಮುಖ ವಿದ್ಯುತ್ತಿನ ಮಾರ್ಗ, ಚಂದ್ರಾಪುರ ಮತ್ತು ಗಾಜುವಾಕದ ಕೊಂಡಿಗಳು, ಕೊಲ್ಲಾಪುರ–ಬೆಳಗಾವಿ ನಡುವಿನ ಹಳೆಯ ಸಣ್ಣ ಲೈನು, ಹೀಗೆ ನಾಲ್ಕಾರು ಕಿರಿದಾದ ಸೇತುವೆಗಳಷ್ಟೇ ಇದ್ದವು. ಉತ್ತರದಲ್ಲಿ ಕೊಳ್ಳುವವರಿಲ್ಲದೆ ದರ ಇಳಿದಿದ್ದ ದಿನವೇ ದಕ್ಷಿಣದ ದರ ಅದರ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಇರುತ್ತಿತ್ತು. ಕರ್ನಾಟಕ, ತಮಿಳುನಾಡಿನ ಕಾರ್ಖಾನೆಗಳು ಡೀಸೆಲ್ ಜನರೇಟರಿನ ಹೊಗೆಯಲ್ಲಿ ಕೆಲಸ ಮಾಡಿದ ವರ್ಷಗಳು ಅವು.

ದ್ವೀಪವಾಗಿರುವುದರಲ್ಲಿ ಒಂದು ಲಾಭವೂ ಇತ್ತೆಂಬುದನ್ನು ಮರೆಯಬಾರದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿತು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಜಾಲಗಳೆಲ್ಲ ಕುಸಿದು ಸುಮಾರು 60 ಕೋಟಿ ಜನರಿಗೆ ಬಿಸಿ ತಟ್ಟಿತು. ಅದು ಶುರುವಾದದ್ದು ಬೀನಾ–ಗ್ವಾಲಿಯರ್ ನಡುವಿನ ಒಂದು ಲೈನಿನ ಮೇಲೆ ಮಿತಿಮೀರಿ ಹೊರೆ ಬಿದ್ದಾಗ. ದಕ್ಷಿಣ ಬೇರೆಯಾಗಿದ್ದುದರಿಂದ ಉಳಿಯಿತು. ದಟ್ಟಣೆ ಎಂದರೆ ದರ ಏರುವುದಷ್ಟೇ ಅಲ್ಲ, ಮಿತಿ ಮೀರಿದರೆ ಎಲ್ಲರ ಮನೆಯ ದೀಪವೂ ಆರುತ್ತದೆ ಎಂಬ ಪಾಠ ಅದು. ಹಾಗಾಗಿಯೇ ಲೈನು ತಾಳುವಷ್ಟನ್ನೂ ಮಾರುಕಟ್ಟೆಗೆ ಬಿಟ್ಟುಕೊಡದೆ, ಗ್ರಿಡ್ ನಡೆಸುವವರು ಒಂದಿಷ್ಟನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ವ್ಯಾಪಾರಿಗಳಾದ ನಾವು ಅದಕ್ಕೆ ಗೊಣಗುತ್ತೇವೆ. ಗೊಣಗಬಾರದು.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆ.ವಿ. ಲೈನಿಗೆ ಜೀವ ಬಂತು. 208 ಕಿಲೊಮೀಟರ್ ಉದ್ದದ ಆ ತಂತಿಯೊಂದಿಗೆ ದಕ್ಷಿಣದ ಗ್ರಿಡ್ ಉಳಿದ ದೇಶದೊಡನೆ ಒಂದೇ ತಾಳಕ್ಕೆ ಮಿಡಿಯತೊಡಗಿತು. ಮೊದಮೊದಲು ಪೂರ್ತಿ ಸಾಮರ್ಥ್ಯ ಬಳಸಲು ಬಿಡಲಿಲ್ಲ, ಹೊಸ ಸೊಸೆಯನ್ನು ಮನೆಗೆ ತುಂಬಿಸಿಕೊಂಡ ಹಾಗೆ ನಿಧಾನವಾಗಿ ಹೊರೆ ಏರಿಸಿದರು. ಆಮೇಲೆ ಎರಡನೆಯ ಲೈನು ಬಂತು, ಧಾರವಾಡದ ನರೇಂದ್ರದಿಂದ ಕೊಲ್ಲಾಪುರಕ್ಕೆ ದಾರಿಯಾಯಿತು, ವಾರ್ಧಾದಿಂದ ನಿಜಾಮಾಬಾದಿಗೆ ಬಂತು, ಛತ್ತೀಸಗಡದ ರಾಯಗಡದಿಂದ ತಮಿಳುನಾಡಿನ ಪುಗಲೂರಿಗೆ 6,000 ಮೆಗಾವಾಟ್ ಹೊರುವ ಹೆದ್ದಾರಿಯೇ ಬಂತು. ಇವತ್ತು ಬಹುಪಾಲು ಹೊತ್ತು ದೇಶಕ್ಕೆಲ್ಲ ಒಂದೇ ದರ. ನನ್ನ ವೃತ್ತಿಯಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಇದೇ. ಇದನ್ನು ಮಾಡಿದ್ದು ಯಾವ ಹೊಸ ಸಾಫ್ಟ್‌ವೇರೂ ಅಲ್ಲ, ಕಬ್ಬಿಣದ ಗೋಪುರ ಮತ್ತು ಅಲ್ಯೂಮಿನಿಯಂ ತಂತಿ.

ಇಷ್ಟು ಹೇಳಿದ ಮೇಲೆ ದೆಹಲಿಯ ಚರ್ಚೆಗೆ ಬರೋಣ. ದೇಶದಲ್ಲೀಗ ಮೂರು ವಿದ್ಯುತ್ ವಿನಿಮಯ ಕೇಂದ್ರಗಳಿವೆ: 2008ರಲ್ಲಿ ಶುರುವಾದ ಐಇಎಕ್ಸ್ ಮತ್ತು ಪಿಎಕ್ಸ್‌ಐಎಲ್, 2022ರಲ್ಲಿ ಬಂದ ಎಚ್‌ಪಿಎಕ್ಸ್. ಮೂರೂ ಪ್ರತ್ಯೇಕವಾಗಿ ಸಂತೆ ನಡೆಸಿ ಪ್ರತ್ಯೇಕ ದರ ಕಟ್ಟುತ್ತವೆ. ಮೂರನ್ನೂ ಜೋಡಿಸಿ ಒಂದೇ ದರ ಕಟ್ಟಬೇಕೆಂದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2025ರ ಜುಲೈನಲ್ಲಿ ಆದೇಶ ಹೊರಡಿಸಿತು. ಮರುದಿನವೇ ಐಇಎಕ್ಸ್ ಷೇರಿನ ಬೆಲೆ ಶೇ 30ರ ಹತ್ತಿರದಷ್ಟು ಕುಸಿಯಿತು. ವಿಷಯ ಮೇಲ್ಮನವಿ ನ್ಯಾಯಮಂಡಳಿಯ ಮೆಟ್ಟಿಲೇರಿತು. ಟಿ.ವಿ.ಯಲ್ಲಿ, ಷೇರುಪೇಟೆಯ ಗ್ರೂಪುಗಳಲ್ಲಿ ಅದರದ್ದೇ ಮಾತು.

ಈ ಜೋಡಣೆಯನ್ನು ನಾನು ವಿರೋಧಿಸುವುದಿಲ್ಲ. ಅದರಲ್ಲಿ ನ್ಯಾಯವಿದೆ. ದಾರಿ ಕಿರಿದಾದಾಗ ಮೂರೂ ಕೇಂದ್ರಗಳ ಬೇಡಿಕೆಗೆ ತಕ್ಕಂತೆ ಆ ದಾರಿಯನ್ನು ಪಾಲು ಮಾಡಿ ಕೊಡಬೇಕಾಗುತ್ತದೆ. ಮೂವರು ವ್ಯಾಪಾರಿಗಳಿಗೆ ಸೇತುವೆಯ ಮೇಲೆ ಇಂತಿಷ್ಟು ಲಾರಿ ಎಂದು ಹಂಚಿದಂತೆ. ಯಾರ ಲಾರಿಯಲ್ಲಿ ಅಗ್ಗದ ಮಾಲಿದೆ ಎಂದು ನೋಡುವವರಿಲ್ಲ. ಒಂದೇ ಲೆಕ್ಕದಲ್ಲಿ ಎಲ್ಲರ ಬೇಡಿಕೆಯನ್ನೂ ದಾರಿಯನ್ನೂ ಇಟ್ಟರೆ, ಅಗ್ಗದ ಕರೆಂಟು ಮೊದಲು ದಾಟುತ್ತದೆ. ಯುರೋಪಿನಲ್ಲಿ 2006ರಲ್ಲಿ ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ತಮ್ಮ ಮಾರುಕಟ್ಟೆಗಳನ್ನು ಜೋಡಿಸಿದ್ದು ಇದೇ ಕಾರಣಕ್ಕೆ. ಅದಕ್ಕೂ ಮುನ್ನ ಅಲ್ಲಿಯ ವ್ಯಾಪಾರಿ ಗಡಿಯ ತಂತಿಯನ್ನು ಮೊದಲೇ ಬಾಡಿಗೆಗೆ ಹಿಡಿದು, ದರವನ್ನು ಆಮೇಲೆ ಊಹಿಸಬೇಕಿತ್ತು. ಊಹೆ ತಪ್ಪಿದ ದಿನ ದುಬಾರಿ ದೇಶದಿಂದ ಅಗ್ಗದ ದೇಶಕ್ಕೆ ಕರೆಂಟು ಹರಿದದ್ದೂ ಉಂಟು!

ಆದರೆ ವ್ಯತ್ಯಾಸ ಗಮನಿಸಿ. ಯುರೋಪ್ ಜೋಡಿಸಿದ್ದು ದೇಶಗಳನ್ನು. ನಾವು ಜೋಡಿಸಹೊರಟಿರುವುದು ಒಂದೇ ಗ್ರಿಡ್‌ನ ಮೇಲಿರುವ ಮೂರು ಅಂಗಡಿಗಳನ್ನು. ಅದರಲ್ಲೂ ನಾಳೆಯ ವಿದ್ಯುತ್ತಿನ ವ್ಯಾಪಾರದ ಬಹುದೊಡ್ಡ ಪಾಲು ಈಗಾಗಲೇ ಒಂದೇ ಅಂಗಡಿಯಲ್ಲಿದೆ. ಎಲ್ಲ ವಿನಿಮಯ ಕೇಂದ್ರಗಳು ಸೇರಿದರೂ ಅಲ್ಲಿ ಕೈಬದಲಾಗುವುದು ದೇಶದ ಒಟ್ಟು ವಿದ್ಯುತ್ತಿನ ಹತ್ತನೇ ಒಂದು ಭಾಗವೂ ಅಲ್ಲ. ಉಳಿದದ್ದು ಹಳೆಯ ದೀರ್ಘಾವಧಿ ಒಪ್ಪಂದಗಳಲ್ಲಿ, ರಾಜ್ಯ ರಾಜ್ಯಗಳ ನಡುವಿನ ಕೈಸಾಲದಲ್ಲಿ ಇದೆ. ತಕ್ಕಡಿ ಯಾರ ಕೈಯಲ್ಲಿರಬೇಕು ಎಂಬುದು ಮುಖ್ಯ ಪ್ರಶ್ನೆಯೇ. ಆದರೆ ಮಾರ್ಕೆಟ್ ಯಾರ್ಡ್‌ನ ಮೂರು ತಕ್ಕಡಿಗಳನ್ನು ಒಂದು ಮಾಡಿದ ಮಾತ್ರಕ್ಕೆ ಹಡಪಸರದಲ್ಲಿ ನಿಂತ ಲಾರಿ ಮುಂದೆ ಸಾಗುವುದಿಲ್ಲ.

ದಟ್ಟಣೆಯಿಂದ ಹುಟ್ಟುವ ಹಣದ ಕಥೆಯನ್ನೂ ಕನ್ನಡಿಗರು ತಿಳಿದಿರಬೇಕು. ಲೆಕ್ಕಕ್ಕೆಂದು ಹೇಳುತ್ತೇನೆ: ಉತ್ತರದಲ್ಲಿ ಯೂನಿಟ್‌ಗೆ 3 ರೂಪಾಯಿ, ದಕ್ಷಿಣದಲ್ಲಿ 7 ರೂಪಾಯಿ, ನಡುವಿನ ದಾರಿಯಲ್ಲಿ 1,000 ಮೆಗಾವಾಟ್ ಬರುತ್ತಿದೆ ಎನ್ನಿ. ಒಂದು ಗಂಟೆಯಲ್ಲಿ ಹತ್ತು ಲಕ್ಷ ಯೂನಿಟ್. ದಕ್ಷಿಣದವರು ಏಳರಂತೆ ಕೊಟ್ಟರು, ಉತ್ತರದವರಿಗೆ ಮೂರರಂತೆ ಸಂದಿತು. ನಡುವೆ ಉಳಿದ ನಾಲ್ಕರಂತೆ ಗಂಟೆಗೆ 40 ಲಕ್ಷ ರೂಪಾಯಿ ಯಾರದ್ದು? ಅದು ವಿದ್ಯುತ್ ವ್ಯವಸ್ಥೆ ಅಭಿವೃದ್ಧಿ ನಿಧಿಗೆ ಹೋಗುತ್ತದೆ. ವರ್ಷಗಟ್ಟಲೆ ಸಂತೆ ಒಡೆದದ್ದು ದಕ್ಷಿಣದ ಗಡಿಯಲ್ಲಿ. ಹಾಗಾಗಿ ಆ ಅವಧಿಯ ದಟ್ಟಣೆ ಹಣದ ಭಾರ ಹೊತ್ತವರಲ್ಲಿ ದಕ್ಷಿಣದ ಕೊಳ್ಳುಗರೇ ಮುಂದಿದ್ದರು. ನಿಧಿಯಿಂದ ಗ್ರಿಡ್ ಸುರಕ್ಷತೆಯ ಒಳ್ಳೆಯ ಕೆಲಸಗಳು ಆಗಿವೆ. ಆದರೆ 2015–16 ಮತ್ತು 2016–17ರಲ್ಲಿ ಅನಿಲ ಸಿಗದೆ ನಿಂತಿದ್ದ ಸ್ಥಾವರಗಳನ್ನು ನಡೆಸಲು ನೆರವು ಕೊಟ್ಟದ್ದೂ ಇದೇ ನಿಧಿಯಿಂದ. ಆಂಧ್ರದ ಸ್ಥಾವರಗಳೂ ಅದರಲ್ಲಿದ್ದವು, ಒಪ್ಪುತ್ತೇನೆ. ಆದರೂ ನನ್ನ ವಾದ ಇಷ್ಟೇ: ಇಕ್ಕಟ್ಟಾದ ದಾರಿಯಲ್ಲಿ ವಸೂಲಾದ ಹಣ ಮೊದಲು ಆ ದಾರಿಯನ್ನೇ ಅಗಲ ಮಾಡಲು ಹೋಗಬೇಕು. ಟೋಲ್ ಕೊಟ್ಟವನಿಗೆ ರಸ್ತೆ ಕೇಳುವ ಹಕ್ಕಿದೆ.

ಈಗ ದಟ್ಟಣೆಯ ದಿಕ್ಕು ಬದಲಾಗುತ್ತಿದೆ. ಹಿಂದೆ ದಕ್ಷಿಣದ ಒಳಕ್ಕೆ ದಾರಿ ಸಾಲುತ್ತಿರಲಿಲ್ಲ. ಈಗ ಹಳ್ಳಿಯಿಂದ ಹೊರಕ್ಕೆ ಸಾಲುತ್ತಿಲ್ಲ. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ, ಗದಗ–ಕೊಪ್ಪಳದ ಬಯಲಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಬಿಸಿಲು ನೆತ್ತಿಗೇರಿದಾಗ ದೇಶವೆಲ್ಲ ಒಟ್ಟಿಗೆ ವಿದ್ಯುತ್ ಸುರಿಯುತ್ತದೆ, ದರ ನೆಲ ಕಚ್ಚುತ್ತದೆ. ಸೂರ್ಯ ಮುಳುಗಿ ಮನೆಮನೆಯ ದೀಪ ಹತ್ತಿದಾಗ ಅದೇ ದರ ಯೂನಿಟ್‌ಗೆ 10 ರೂಪಾಯಿಯ ಮಿತಿಗೆ ಹೋಗಿ ಬಡಿದ ದಿನಗಳನ್ನು ನಾನು ಪರದೆಯ ಮೇಲೆ ಎಷ್ಟೋ ಸಲ ಕಂಡಿದ್ದೇನೆ. ಸೌರ ಸ್ಥಾವರ ಎದ್ದು ನಿಲ್ಲಲು ಒಂದೆರಡು ವರ್ಷ ಸಾಕು, ಅದರ ವಿದ್ಯುತ್ ಹೊರುವ ದೊಡ್ಡ ಲೈನಿಗೆ ಅದರ ಎರಡು ಪಟ್ಟು ಹಿಡಿಯುತ್ತದೆ. ರಾಜಸ್ಥಾನದಲ್ಲಿ ಹಾಗಾಗಿಯೇ ಕರೆಂಟು ಇದ್ದೂ ‘ಸಾಕು, ನಿಲ್ಲಿಸಿ’ ಎಂದು ಹೇಳಬೇಕಾಗಿ ಬಂದಿದೆ. ಕೂಸು ಹುಟ್ಟಿದ ಮೇಲೆ ತೊಟ್ಟಿಲಿಗೆ ಮರ ಹುಡುಕಲು ಹೊರಟಂತೆ.

ಲೈನು ತಡವಾಗಲು ರೈತರ ವಿರೋಧ ಕಾರಣ ಎಂದು ನಮ್ಮ ಸಭೆಗಳಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ನಾನೂ ರೈತನ ಮಗ, ನನಗೆ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಪಾವಗಡದಲ್ಲಿ ಜಮೀನು ಕಸಿದುಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಅದನ್ನು ಏರಿಸುವ ಕರಾರೂ ಇತ್ತು. ಆ ಕೆಲಸ ನಡೆಯಿತು. ಆದರೆ ಹೊಲದ ನಡುವೆ ಗೋಪುರ ನೆಟ್ಟು, ತಲೆಯ ಮೇಲೆ ತಂತಿ ಎಳೆದು, ಒಂದು ಸಲ ಪುಡಿಗಾಸು ಕೊಟ್ಟು ಹೋದರೆ ಯಾರು ಸುಮ್ಮನಿರುತ್ತಾರೆ? 2024ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಹೊಸ ಮಾರ್ಗಸೂಚಿ ತಂದು, ಗೋಪುರದ ತಳದ ಜಾಗಕ್ಕೆ ಭೂಮಿಯ ಬೆಲೆಯ ಎರಡು ಪಟ್ಟು, ತಂತಿಯ ಕೆಳಗಿನ ಪಟ್ಟಿಗೆ ಶೇ 30ರಷ್ಟು ಪರಿಹಾರ ಎಂದಿತು. ಒಳ್ಳೆಯದು. ಆದರೆ ಅದನ್ನು ಜಾರಿ ಮಾಡಬೇಕಾದವರು ರಾಜ್ಯಗಳು. ಕಾಡಿನ ಪ್ರಶ್ನೆ ಇನ್ನೂ ಕಠಿಣ. ಗೋವಾಕ್ಕೆ ಹೋಗಬೇಕಾದ 400 ಕೆ.ವಿ. ಲೈನು ನಮ್ಮ ಪಶ್ಚಿಮ ಘಟ್ಟದ ಹುಲಿ ಅರಣ್ಯದ ಬಳಿ ತಡೆದು ನಿಂತಿತು, ಜತೆಗೆ ಮಹದಾಯಿಯ ಸಿಟ್ಟೂ ಸೇರಿಕೊಂಡಿತು. ಮರ ಉಳಿಯಬೇಕು ಎಂಬ ವಾದಕ್ಕೆ ನನ್ನ ಬೆಂಬಲವಿದೆ. ಆದರೆ ಮರದ ಲೆಕ್ಕ ಮತ್ತು ನದಿಯ ಜಗಳವನ್ನು ಒಂದೇ ಕಡತದಲ್ಲಿ ಕಟ್ಟಿಡುವುದಕ್ಕೆ ಇಲ್ಲ.

ಇಲ್ಲಿಗೆ ಮೂರನೆಯದಾದ ನಂಬಿಕೆಯ ಮಾತು ಬಂತು. 2023ರಲ್ಲಿ ಮಳೆ ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್‌ಗಳು ಮಳೆಗಾಲದಲ್ಲೇ ಓಡತೊಡಗಿದವು. ಕರ್ನಾಟಕ ಸರ್ಕಾರ ಉತ್ತರ ಪ್ರದೇಶ, ಪಂಜಾಬ್‌ನಿಂದ ‘ಈಗ ಕೊಡಿ, ಮಳೆಗಾಲದಲ್ಲಿ ಮರಳಿಸುತ್ತೇವೆ’ ಎಂಬ ವಿನಿಮಯಕ್ಕೆ ಕೈಚಾಚಿತು. ಅದೇ ಅಕ್ಟೋಬರಿನಲ್ಲಿ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿ, ರಾಜ್ಯದೊಳಗಿನ ಉತ್ಪಾದಕರು ರಾಜ್ಯದ ಗ್ರಿಡ್‌ಗೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು. ಅಂದರೆ ಒಂದು ಬಾಗಿಲಲ್ಲಿ ನಿಂತು ನೆರೆಯವರನ್ನು ಕೇಳಿದೆವು, ಇನ್ನೊಂದು ಬಾಗಿಲಿಗೆ ಅಗುಳಿ ಹಾಕಿದೆವು.

ಆ ದಿನಗಳಲ್ಲಿ ನಮ್ಮ ಕಚೇರಿಯಲ್ಲಿ ಎಲ್ಲರೂ ಆ ಆದೇಶವನ್ನು ಬೈದರು. ನಾನು ಬಾಯಿ ಬಿಡಲಿಲ್ಲ. ಏಕೆಂದರೆ ಐದು ತಾಸಿಗೆ ಇಳಿಸಿದ್ದ ತ್ರೀಫೇಸ್ ಕರೆಂಟನ್ನು ಏಳು ತಾಸಿಗೆ ಏರಿಸಬೇಕೆಂದು ಊರೂರಲ್ಲಿ ರೈತರು ಕೂತಿದ್ದರು, ನಮ್ಮಣ್ಣನೂ ಅವರಲ್ಲೊಬ್ಬ. ನಿಂಬೆ ಗಿಡ ಹೈಬ್ರಿಡ್ ಜೋಳವಲ್ಲ, ಒಂದು ವರ್ಷ ಒಣಗಿದರೆ ಮತ್ತೆ ಫಲ ಕಾಣಲು ನಾಲ್ಕೈದು ವರ್ಷ ಬೇಕು. ಕೊನೆಗೆ ಏಳು ತಾಸು ಕೊಟ್ಟರು, ಗಿಡಗಳು ಉಳಿದವು. ಪುಸ್ತಕದ ಅರ್ಥಶಾಸ್ತ್ರ ಒಂದು ಕಡೆ, ತೋಟ ಇನ್ನೊಂದು ಕಡೆ. ಬರಗಾಲದಲ್ಲಿ ಸರ್ಕಾರ ಕೈಕಟ್ಟಿ ಕೂರಬೇಕಿತ್ತೆಂದು ನಾನು ಹೇಳಲಾರೆ.

ಆದರೆ ಅಗುಳಿ ಹಾಕುವುದು ರೂಢಿಯಾಗಬಾರದು. ಇವತ್ತು ನಾವು ತಡೆದರೆ ನಾಳೆ ತಮಿಳುನಾಡು ತಡೆಯುತ್ತದೆ, ನಾಡಿದ್ದು ಮಹಾರಾಷ್ಟ್ರ ತಡೆಯುತ್ತದೆ. ಗಡಿ ಮುಚ್ಚಬಹುದೆಂಬ ಅನುಮಾನವಿದ್ದರೆ ಯಾರೂ ನಮ್ಮಲ್ಲಿ ಬಂಡವಾಳ ಹೂಡುವುದಿಲ್ಲ, ನಮ್ಮಿಂದ ಕೊಳ್ಳುವ ಒಪ್ಪಂದಕ್ಕೂ ಬರುವುದಿಲ್ಲ. ಹತ್ತು ವರ್ಷ ಬೆವರು ಸುರಿಸಿ ಕಟ್ಟಿದ ಲೈನನ್ನು ಒಂದು ಸಹಿಯಿಂದ ಕಿರಿದು ಮಾಡಿದಂತಾಗುತ್ತದೆ. ಬರ ಬಂದ ಮೇಲೆ ಕೈಚಾಚುವ ಬದಲು, ಬರ ಬರುವ ಮೊದಲೇ ಲಿಖಿತ ಒಪ್ಪಂದ ಇರಬೇಕು. ಯಾವ ತಿಂಗಳು ಯಾರು ಎಷ್ಟು ಕೊಡುವುದು, ಯಾವ ದಾರಿಯಲ್ಲಿ, ಎಂದು ಮರಳಿಸುವುದು ಎಂಬುದು ಸೇರಿ.

ಇದಕ್ಕೆ ಮಹಾರಾಷ್ಟ್ರ ಮತ್ತು ಕರ್ನಾಟಕಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಒಂದೇ ಸಹ್ಯಾದ್ರಿಯ ಬೆನ್ನಿನ ಮೇಲೆ ಅವರ ಕೊಯ್ನಾ ಇದೆ, 1,960 ಮೆಗಾವಾಟ್. ನಮ್ಮ ಶರಾವತಿ ಇದೆ, 1,035 ಮೆಗಾವಾಟ್. ಎರಡೂ ಬೇಕೆಂದಾಗ ನಿಮಿಷಗಳಲ್ಲಿ ಎದ್ದು ಓಡಬಲ್ಲವು, ಸಂಜೆಯ ದುಬಾರಿ ಹೊತ್ತಿಗೆ ಇಂಥವೇ ಬೇಕು. ಬೇಸಿಗೆ ಬಂತೆಂದರೆ ಕೊಯ್ನಾದಿಂದ ಕೃಷ್ಣೆಗೆ, ಉಜ್ಜನಿಯಿಂದ ಭೀಮೆಗೆ ನೀರು ಬಿಡಿ ಎಂದು ಬೆಂಗಳೂರು ಮುಂಬೈಗೆ ಪತ್ರ ಬರೆಯುತ್ತದೆ. ನೀರು ಮತ್ತು ಕರೆಂಟನ್ನು ಒಟ್ಟಿಗೆ ಮಾತಾಡುವ ಮೇಜು ಮಾತ್ರ ಇಲ್ಲ. ಇಂಡಿಯ ರೈತನಿಗೆ ಇವೆರಡೂ ಬೇರೆಯಲ್ಲ. ಭೀಮೆಯಲ್ಲಿ ನೀರಿದ್ದು ಕರೆಂಟಿಲ್ಲದಿದ್ದರೂ, ಕರೆಂಟಿದ್ದು ನೀರಿಲ್ಲದಿದ್ದರೂ ಗಿಡ ಒಣಗುವುದೇ.

ಇನ್ನು ಅಣ್ಣನ ಪ್ರಶ್ನೆಗೆ ನೇರ ಉತ್ತರ. ಮಧ್ಯಾಹ್ನದ ಅಗ್ಗದ ಕರೆಂಟು ಅವನ ಪಂಪಿಗೆ ಬರದಿರುವುದಕ್ಕೆ ಸೊಲ್ಲಾಪುರದ ದೊಡ್ಡ ಲೈನಷ್ಟೇ ಕಾರಣವಲ್ಲ. ತಾಲ್ಲೂಕಿನ ಸಬ್‌ಸ್ಟೇಷನ್, ಅಲ್ಲಿಂದ ಹೊರಡುವ ಫೀಡರ್, ಹೊಲದ ಬದಿಯ ಟಿ.ಸಿ. ಎಲ್ಲವೂ ಮಿತಿಯಲ್ಲಿವೆ. ಎಲ್ಲ ಪಂಪುಗಳೂ ಒಟ್ಟಿಗೆ ಓಡಿದರೆ ಸುಟ್ಟುಹೋಗುತ್ತವೆ. ಅದಕ್ಕೇ ಪಾಳಿ, ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ. ಕನ್ನಡ ನಾಡಿನ ವಿದ್ಯುತ್ ಚರಿತ್ರೆಯಲ್ಲಿ ಇದು ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೊಮೀಟರ್ ತಂತಿ ಎಳೆದಾಗ, ಕೆಳಗಿನ ಹಳ್ಳಿಗಳು ತಲೆ ಎತ್ತಿ ನೋಡಿದ್ದಷ್ಟೇ. ಬೆಂಗಳೂರಿಗೇ ದೀಪ ಬಂದದ್ದು ಮೂರು ವರ್ಷದ ನಂತರ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ನಮಗೆ ಗಾದೆಯಲ್ಲ, ಇತಿಹಾಸ.

ಆ ಕತ್ತಲೆಗೆ ಮದ್ದು ಈಗ ಕೈಗೆಟಕುವಷ್ಟು ಹತ್ತಿರವಿದೆ. ಸಬ್‌ಸ್ಟೇಷನ್‌ನ ಪಕ್ಕದಲ್ಲೇ ಸಣ್ಣ ಸೌರ ಘಟಕ ಹಾಕಿ, ಆ ಬಿಸಿಲಿನ ಕರೆಂಟನ್ನು ಅದೇ ಫೀಡರಿನ ಪಂಪುಗಳಿಗೆ ಹಗಲಲ್ಲೇ ಕೊಡುವುದು. ಕರ್ನಾಟಕದಲ್ಲಿ ಕುಸುಮ್–ಸಿ ಎನ್ನುತ್ತಾರೆ, ಇಲ್ಲಿ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ. ಇದರಿಂದ ದೂರದ ಲೈನಿನ ಹೊರೆಯೂ ತಗ್ಗುತ್ತದೆ. ದಟ್ಟಣೆ ಕಡಿಮೆ ಮಾಡುವ ಅತಿ ಅಗ್ಗದ ಉಪಾಯವೆಂದರೆ ಲಾರಿಯನ್ನು ರಸ್ತೆಗೇ ತಾರದಿರುವುದು. ಮಹಾರಾಷ್ಟ್ರ ಈ ಕೆಲಸಕ್ಕೆ ತೋರಿಸುತ್ತಿರುವ ಅವಸರವನ್ನು ಗಡಿಯ ಈಚೆ ಕೂತು ದಿನಾ ನೋಡುತ್ತೇನೆ. ನಮ್ಮ ರಾಜ್ಯವೂ ಅದೇ ಅವಸರ ತೋರಲಿ ಎಂಬುದು ನನ್ನ ಆಸೆ.

ಕೇಂದ್ರ ಮೂರು ತಕ್ಕಡಿಗಳನ್ನು ಒಂದು ಮಾಡಲಿ, ಬೇಡವೆನ್ನುವುದಿಲ್ಲ. ಅದರ ಜತೆಗೆ ಸ್ಥಾವರಕ್ಕಿಂತ ಮೊದಲು ಲೈನು ಬರಲಿ. ದಟ್ಟಣೆಯ ಹಣ ದಟ್ಟಣೆ ಬಿಡಿಸಲು ಹೋಗಲಿ. ಗೋಪುರ ಹೊತ್ತ ಹೊಲಕ್ಕೆ ನ್ಯಾಯದ ಬೆಲೆ ಸಿಗಲಿ. ನೆರೆ ರಾಜ್ಯಗಳು ಬರಕ್ಕೆ ಮೊದಲೇ ಒಂದು ಮೇಜಿಗೆ ಕೂರಲಿ.

ಮೊನ್ನೆ ಭಾನುವಾರ ಮತ್ತೆ ಮಾರ್ಕೆಟ್ ಯಾರ್ಡ್‌ಗೆ ಹೋಗಿದ್ದೆ. ಲಾರಿ ತಡವಾಗಿ ಬಂದಿದ್ದರಿಂದ ಮೊದಲ ಸವಾಲು ತಪ್ಪಿ, ಅಣ್ಣನ ನಿಂಬೆಗೆ ದರ ಕಡಿಮೆಯೇ ಸಿಕ್ಕಿತು. ಫೋನಿನಲ್ಲಿ ಹೇಳಿದರೆ ಅವನು ಬೇಸರ ಮಾಡಿಕೊಳ್ಳಲಿಲ್ಲ. ‘ಮಾಲು ಚಲೋ ಇತ್ತು, ಪ್ಯಾಟಿನೂ ಚಲೋ ಇತ್ತು, ದಾರಿ ಕೆಟ್ಟಿತ್ತು, ಅಷ್ಟ’ ಎಂದ. ಅವನು ಹೇಳಿದ್ದು ನಿಂಬೆಯ ಮಾತು. ನನಗೆ ಮಾತ್ರ ಸೋಮವಾರ ಬೆಳಿಗ್ಗೆ ಕಚೇರಿಯ ಪರದೆ ತೆರೆದಾಗಲೂ ಅದೇ ಮಾತು ಕಿವಿಯಲ್ಲಿತ್ತು.